ದೋಣಿ ನೀರು ಬಿದ್ದಷ್ಟು ಜಾಗ

ಮಳೆ ಕಡಿಮೆ ಇರುವ ಊರಲ್ಲಿ ಮಳೆನೀರಿನ ಜಗಳವೂ ಕಡಿಮೆ ಇರುತ್ತದೆ ಎಂದು ನೀವು ಅಂದುಕೊಂಡಿದ್ದರೆ, ನೀವು ನಮ್ಮ ಕಡೆ ತಗಡಿನ ಕೆಲಸ ಮಾಡಿಲ್ಲ ಎಂದು ಅರ್ಥ. ನಾನು ಮಾಡಿದ್ದೇನೆ. ಎಪ್ಪತ್ತರ ದಶಕದಲ್ಲಿ ಹೊಳಲ್ಕೆರೆಯ ಸಂತೆಬೀದಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇತ್ತು. ಡಬ್ಬ, ಲಾಳಿಕೆ, ಒಲೆ ಊದುವ ಕೊಳವೆ ಎಲ್ಲ ಮಾಡುತ್ತಿದ್ದೆ. ಆದರೆ ಯುಗಾದಿ ಕಳೆದು ಆಕಾಶದಲ್ಲಿ ಒಂದು ಮೋಡ ಕಾಣಿಸಿಕೊಂಡರೆ ಸಾಕು, ಜನಕ್ಕೆ ದೋಣಿಯ ನೆನಪಾಗುತ್ತಿತ್ತು. ಅಲ್ಲಿಂದ ದಿನಕ್ಕೊಂದು ಫಜೀತಿ ಶುರು.

ದೋಣಿ ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಆಗ ಹೆಚ್ಚಿನವು ಮಣ್ಣಿನ ಮಾಳಿಗೆ ಮನೆಗಳು. ಕಂಬ, ತೊಲೆ, ಜಂತೆ, ಅದರ ಮೇಲೆ ಸೊಪ್ಪು ಹಾಸಿ ನೀರು ಇಳಿಯದ ಕರಲುಮಣ್ಣು ಹರಡಿ ತಟ್ಟಿದ ಮಟ್ಟಸ ಸೂರು. ಮೇಲೆ ಬಿದ್ದ ಮಳೆನೀರು ಗೋಡೆಗೆ ತಾಗದ ಹಾಗೆ ಆಚೆ ಎಸೆಯಲು ಒಂದು ಬದಿಗೆ ನಾಳ ಇಡುತ್ತಾರೆ. ಅದೇ ದೋಣಿ. ಹಳೆಯ ಕಾಲದ್ದು ಮರದ್ದು, ನನ್ನದು ತಗಡಿನದು. ದೋಣಿ ಗಿಡ್ಡವಾದರೆ ನೀರು ಗೋಡೆಯ ಬುಡಕ್ಕೇ ಬೀಳುತ್ತದೆ, ಬುನಾದಿ ಮೆತ್ತಗಾಗುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ನನ್ನ ವಿದ್ಯೆ ಇಷ್ಟೇ. ಇದನ್ನು ನಾಲ್ಕು ತಾಲೂಕಿನ ಜನಕ್ಕೆ ತಿಳಿಸಿ ಹೇಳುವುದರಲ್ಲಿ ನನ್ನ ಅರ್ಧ ತಲೆಗೂದಲು ಉದುರಿತು. ಉಳಿದರ್ಧ ಅತ್ತೆಯ ಮನೆಯಲ್ಲಿ ಉದುರಿತು.

ಒಂದು: ಮೂರು ಮೊಳದ ತೀರ್ಮಾನ

ನನ್ನ ಅತ್ತೆಯ ಊರು ಹೊಸದುರ್ಗ ತಾಲೂಕಿನ ಮಾಡದಕೆರೆ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಅತ್ತೆ ಒಂದು ಜೊತೆ ಎತ್ತು ಇಟ್ಟುಕೊಂಡು, ಆಳು ಹಿಡಿದು, ಗಂಡಸರಿಗೆ ಸರಿಸಮ ಬೇಸಾಯ ಮಾಡಿಸುತ್ತಿದ್ದರು. ಅವರ ಮನೆಯ ಪಕ್ಕಕ್ಕೆ ಒಂದು ಓಣಿ, ಓಣಿಯ ಆಚೆ ಮಾವನ ಅಣ್ಣನ ಹಿತ್ತಲು. ಮಾವನ ಅಣ್ಣ ಎಂದರೆ ನನ್ನ ಹೆಂಡತಿಗೆ ದೊಡ್ಡಪ್ಪ. ನಾನೂ ದೊಡ್ಡಪ್ಪ ಎಂದೇ ಕರೆಯುತ್ತಿದ್ದೆ.

ಅಣ್ಣ ತಮ್ಮ ಪಾಲಾದಾಗ ಹಿರಿಯರು ಓಣಿಯನ್ನು ಅಳೆದಿರಲಿಲ್ಲ. "ತಮ್ಮನ ಮಾಳಿಗೆ ದೋಣಿ ನೀರು ಎಲ್ಲಿಗೆ ಬೀಳ್ತತೋ ಅಲ್ಲಿತಂಕ ತಮ್ಮಂದು, ಅಲ್ಲಿಂದಾಚೆಗೆ ಅಣ್ಣಂದು" ಎಂದು ಹೇಳಿ ಎಲೆಅಡಿಕೆ ಹಾಕಿಕೊಂಡು ಎದ್ದುಹೋಗಿದ್ದರು. ಆಗ ಅದು ಸರಿಯಾಗಿಯೇ ಇತ್ತು. ಆದರೆ ಮರದ ದೋಣಿ ಗೆದ್ದಲು ತಿಂದು ವರ್ಷ ವರ್ಷ ಗಿಡ್ಡವಾಗುತ್ತ ಬಂತು. ನೀರು ಗೋಡೆಯ ಹತ್ತಿರ ಹತ್ತಿರ ಬೀಳುತ್ತ ಬಂತು. ದೊಡ್ಡಪ್ಪ ಅದರ ಹಿಂದೆಯೇ ಬೇಲಿಯನ್ನು ಈಚೆಗೆ ಸರಿಸುತ್ತ ಬಂದರು. ಕೊನೆಗೆ ಓಣಿಯಲ್ಲಿ ಎತ್ತು ಹೋಗಲಿ, ಎತ್ತಿನ ಕೊಂಬು ಹೋಗುವುದೂ ಕಷ್ಟವಾಯಿತು. ಇತ್ತ ಗೋಡೆ ಬಸುರಿಯ ಹಾಗೆ ಉಬ್ಬಿಕೊಂಡಿತು. ಓಣಿ ಹೋದರೆ ಎತ್ತುಗಳಿಗೆ ಹಿತ್ತಲಿಗೆ ದಾರಿ ಇಲ್ಲ, ಗೋಡೆ ಹೋದರೆ ಮನೆಗೆ ಮಾನ ಇಲ್ಲ. ಅತ್ತೆಗೆ ಎರಡೂ ಬೇಕಿತ್ತು.

"ಉದ್ದನೆ ದೋಣಿ ಹಾಕ್ರಿ ಅಳಿಯಂದ್ರೆ" ಎಂದರು ಅತ್ತೆ.

"ಅಳಿಯ ತಗಡಿನೋನು ಅಂತ ಊರಾಚೆ ಗಂಟ ದೋಣಿ ಹಾಕಿಸ್ತೀಯೇನಮ್ಮ? ನಾಳೆ ನನ್ನ ಪಡಸಾಲೆನೂ ನಿಂದೇ ಅಂತೀಯ" ಎಂದರು ದೊಡ್ಡಪ್ಪ.

ಹಿರಿಯರು ಮತ್ತೆ ಸೇರಿದರು. ಊರಲ್ಲಿ ಎಲ್ಲರ ದೋಣಿಯೂ ಮೂರು ಮೊಳ, ಇವರದೂ ಮೂರು ಮೊಳ ಇರಲಿ. ಮೊದಲ ಮಳೆಯ ನೀರು ಎಲ್ಲಿಗೆ ಬೀಳುತ್ತದೋ ಅಲ್ಲಿಗೆ ಬೇಲಿ. ಮಳೆ ಬರುವವರೆಗೆ ಯಾರೂ ಓಡಾಡದ ಹಾಗೆ ಓಣಿಯ ಬಾಯಿಗೆ ಜಾಲಿಮುಳ್ಳು. ನಾನು ಅಂದೇ ದೋಣಿ ಕೂರಿಸಿದೆ. ಎತ್ತುಗಳು ಮರುದಿನದಿಂದ ನಡುಮನೆಯ ಮೂಲಕ, ಅಡುಗೆ ಒಲೆಯ ಮುಂದೆ ಹಾದು, ಹಿಂಬಾಗಿಲಿಂದ ಹಿತ್ತಲಿಗೆ ಹೋಗತೊಡಗಿದವು. ಹೋಗುವಾಗ ಒಂದು ರೊಟ್ಟಿಯನ್ನೂ ಬಾಯಿಗೆ ಹಾಕಿಕೊಳ್ಳುತ್ತಿದ್ದವು.

ಮಳೆ ಜೋರಾಗಿ ಬಂದರೆ ದೋಣಿಯ ನೀರು ದೂರ ಹಾರುತ್ತದೆ, ಅತ್ತೆಗೆ ಲಾಭ. ಸೋನೆ ಹಿಡಿದರೆ ಹತ್ತಿರದಲ್ಲೇ ಸುರಿಯುತ್ತದೆ, ದೊಡ್ಡಪ್ಪನಿಗೆ ಲಾಭ. ಅತ್ತೆ ಗುಡಿಗೆ ಹೋಗಿ ಬಿರುಮಳೆ ಕೊಡಪ್ಪ ಎಂದು ಕಾಯಿ ಒಡೆಸಿದರು. ಅದೇ ದಿನ ಅದೇ ಗುಡಿಯಲ್ಲಿ ದೊಡ್ಡಪ್ಪ ತುಂತುರು ಸಾಕಪ್ಪ ಎಂದು ಕಾಯಿ ಒಡೆಸಿದರು. ಪೂಜಾರಿ ಇಬ್ಬರಿಗೂ "ಆಗ್ತತೆ ಹೋಗ್ರಿ" ಎಂದ. ಯಾರ ಮಾತು ಕೇಳಬೇಕೆಂದು ತಿಳಿಯದೆ ದೇವರು ಮಾಡದಕೆರೆಗೆ ಮಳೆಯನ್ನೇ ನಿಲ್ಲಿಸಿಬಿಟ್ಟ.

ಎರಡು: ಓಡಿಹೋದ ಮಳೆ

ಮಾಡದಕೆರೆಗೆ ಇಲ್ಲದ ಮಳೆ ನಾನು ಕಾಲಿಟ್ಟ ಬೇರೆ ಊರಿಗೆಲ್ಲ ಬಂತು. ಮೊದಲು ಹಿರಿಯೂರಿನ ಆಚೆಗೆ, ಕುರಿ ಸಾಕುವ ಒಬ್ಬ ಯಜಮಾನನ ಮನೆಗೆ ಹೋಗಿದ್ದೆ. ಆ ಕಡೆ ನೀರಿಗೆ ಎಷ್ಟು ಬರವೆಂದರೆ, ಬಾಯಿ ಒಣಗುತ್ತದೆಂದು ಜನ ಮಾತನ್ನೇ ಕಡಿಮೆ ಮಾಡುತ್ತಾರೆ. ಅವನ ಗೋಡೆಯ ಬುಡ ಥಂಡಿ ಹಿಡಿದು ಮಣ್ಣು ಉದುರುತ್ತಿತ್ತು. ನಾನು ಒಳ್ಳೆಯ ಉದ್ದನೆಯ ದೋಣಿ ಕೂರಿಸಿ, ನೀರು ನೇರ ಬೀದಿಯ ಮಧ್ಯಕ್ಕೆ ಬೀಳುವ ಹಾಗೆ ಮಾಡಿದೆ. ಏಣಿ ಇಳಿಯುವಷ್ಟರಲ್ಲಿ ಮಳೆ ಬಂತು.

ದೋಣಿ ಅಚ್ಚುಕಟ್ಟಾಗಿ ಕೆಲಸ ಮಾಡಿತು. ಗೋಡೆಗೆ ಒಂದು ಹನಿ ತಾಗಲಿಲ್ಲ. ನಾನು ಹೆಮ್ಮೆಯಿಂದ ಯಜಮಾನನ ಮುಖ ನೋಡಿದೆ. ಅವನು ಬೀದಿ ನೋಡುತ್ತಿದ್ದ. ಅಲ್ಲಿ ಎದುರುಮನೆ, ಪಕ್ಕದಮನೆ ಹೆಂಗಸರೆಲ್ಲ ಕೊಡ, ತಪ್ಪಲೆ, ಹಂಡೆ ಹಿಡಿದು ಅವನ ದೋಣಿಯ ಕೆಳಗೆ ಸಾಲಾಗಿ ನಿಂತಿದ್ದರು.

"ಏನಪ್ಪ, ನಮ್ಮ ಮಾಳಿಗೆ ಮೇಲೆ ಬಿದ್ದ ಮಳೆನ ಊರೋರಿಗೆ ಹಂಚಾಕೆ ನಿನ್ನ ಕರೆಸಿದ್ನಾ?" ಎಂದ.

"ನೀರು ದೂರ ಹೋದ್ರೆ ಗೋಡೆ ಉಳೀತತೆ ಯಜಮಾನ್ರೆ."

"ಗೋಡೆ ಬಿದ್ರೆ ಮಣ್ಣು ಕಲಸಿ ಕಟ್ತೀನಿ. ಮಳೆ ಹೋದ್ರೆ ನೀನು ಕಲಸ್ಕೊಡ್ತೀಯಾ?"

ಹೀಗೆಂದವನೇ ಏಣಿ ಹತ್ತಿ ದೋಣಿಯನ್ನು ಬಗ್ಗಿಸಿ ತಿರುಗಿ ಗೋಡೆಯ ಬುಡಕ್ಕೇ ಬಿಡಲು ಹೊರಟ. ನಾನು ಅವನ ಕಾಲು ಹಿಡಿದುಕೊಂಡೆ. ಗೌರವಕ್ಕಲ್ಲ, ನನ್ನ ಬೆಸುಗೆ ಬಿಟ್ಟುಹೋಗುತ್ತದೆಂದು. ಕೊನೆಗೆ ಅವನ ಹೆಂಡತಿ ಒಂದು ದಾರಿ ಹೇಳಿದಳು. ದೋಣಿ ಉದ್ದಕ್ಕೇ ಇರಲಿ, ಬೀದಿಯಲ್ಲಿ ಅದರ ಕೆಳಗೆ ನಮ್ಮ ಕಲ್ಲುಬಾನಿ ಇಟ್ಟರಾಯಿತು, ಕುರಿ ಅಲ್ಲೇ ಕುಡಿಯಲಿ. ಎಲ್ಲರಿಗೂ ಒಪ್ಪಿಗೆಯಾಯಿತು. ನಾಲ್ಕು ಜನ ಸೇರಿ ಬಾನಿ ಉರುಳಿಸಿದೆವು. ಹಟ್ಟಿಯ ಕುರಿಗಳನ್ನೆಲ್ಲ ಮಳೆಯಲ್ಲೇ ಬಿಟ್ಟರು. ಅವು ಹೊಟ್ಟೆ ತುಂಬ ನೀರು ಕುಡಿದು, ಚಳಿ ತಡೆಯಲಾರದೆ, ಒಣಗಿದ ಜಾಗ ಯಾವುದಿದೆ ಎಂದು ಸುತ್ತ ನೋಡಿದವು.

ಆ ವರ್ಷ ಆ ಗೋಡೆಗೆ ಮಳೆನೀರು ತಾಗಲೇ ಇಲ್ಲ. ನೆಂದ ಅರವತ್ತು ಕುರಿ ತಾಗಿಕೊಂಡು ನಿಂತವು.

ಮೂರು: ಮೂಲೆ ಬೇರೆ ಫೈಲು

ಹಿರಿಯೂರಿನಲ್ಲಿ ಮಳೆಯಾದ ಸುದ್ದಿ ಬಸ್ ಕಂಡಕ್ಟರನ ಬಾಯಿಂದ ಮಾಡದಕೆರೆ ಮುಟ್ಟಿತು. "ಅಳಿಯಂದ್ರು ಆ ಕಡೆ ಹೋಗಿದ್ರಂತಲ್ಲ, ಈ ಕಡೆನೂ ಒಂದ್ಸಲ ಬಂದುಹೋಗ್ಲಿ" ಎಂದು ಅದೇ ಕಂಡಕ್ಟರನ ಕೈಲಿ ಅತ್ತೆ ಹೇಳಿಕಳಿಸಿದರು. ನನಗೆ ಬಿಡುವಿರಲಿಲ್ಲ. ಚಿತ್ರದುರ್ಗದ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಯಾವ ಕಚೇರಿ ಎಂದು ಹೇಳುವುದಿಲ್ಲ. ಹಳೆಯ ಹೆಂಚಿನ ಕಟ್ಟಡ, ಮುಂದೆ ಒಂದು ವರಾಂಡ.

ಸೂರಿನ ಉದ್ದಕ್ಕೂ ತಗಡಿನ ದೋಣಿ ಕೂರಿಸಬೇಕು. ಕೂರಿಸಿದೆ. ಇನ್ನು ಅದರ ತುದಿಯಿಂದ ನೀರನ್ನು ಕೆಳಗಿಳಿಸಿ ಚರಂಡಿಗೆ ಬಿಡುವ ಕೊಳವೆ ಎಲ್ಲಿ ಎಂದು ಓವರ್‌ಸಿಯರರನ್ನು ಕೇಳಿದೆ.

"ಎಸ್ಟಿಮೇಟಲ್ಲಿ ಕೊಳವೆ ಇಲ್ಲ" ಎಂದರು.

"ಸ್ವಾಮಿ, ಇಷ್ಟು ದಿನ ನೀರು ಸೂರಿನುದ್ದಕ್ಕೂ ಹಂಚಿಕೊಂಡು ಬೀಳ್ತಿತ್ತು. ಈಗ ಇಡೀ ಕಟ್ಟಡದ ನೀರನ್ನ ಒಟ್ಟು ಮಾಡಿ ವರಾಂಡದ ಒಂದೇ ಮೂಲೆಗೆ ಹುಯ್ದಂಗಾಗ್ತತೆ. ಇದಕ್ಕಿಂತ ದೋಣಿ ಇಲ್ಲದಿರೋದೇ ವಾಸಿ."

"ದೋಣಿ ಮಂಜೂರಾಗಿದೆ. ಮಂಜೂರಾದದ್ದನ್ನು ಬಿಚ್ಚೋ ಹಾಗಿಲ್ಲ. ಕೊಳವೆಗೆ ಬರೀತೀನಿ, ಬರುತ್ತೆ."

ಕೊಳವೆಗಿಂತ ಮಳೆ ಮೊದಲು ಬಂತು. ನಾಲ್ಕು ಮಳೆಗೆ ಮೂಲೆಯ ಬುನಾದಿ ಕುಸಿಯಿತು, ಐದನೆಯದಕ್ಕೆ ಮೂಲೆ ಕೂತೇಬಿಟ್ಟಿತು. ಆ ಮೂಲೆಯಲ್ಲಿ ಕೂತು ಅರ್ಜಿ ಬರೆದುಕೊಡುತ್ತಿದ್ದವನು ಸದ್ಯ ಆ ಹೊತ್ತಿಗೆ ಕಾಫಿಗೆ ಹೋಗಿದ್ದ. ಕೆಲವು ದಿನಗಳಲ್ಲಿ ಕೊಳವೆಗೂ ಮಂಜೂರಾತಿ ಬಂತು. ನನ್ನನ್ನು ಕರೆಸಿ ಕಾಗದ ತೋರಿಸಿದರು. ಕೊಳವೆಯನ್ನು ಸದರಿ ಮೂಲೆಗೆ ಭದ್ರವಾಗಿ ಅಳವಡಿಸತಕ್ಕದ್ದು ಎಂದಿತ್ತು.

"ಸ್ವಾಮಿ, ಮೂಲೆನೇ ಇಲ್ವಲ್ಲ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಮೂಲೆ ಬೇರೆ ಫೈಲು ಕಣಯ್ಯ. ನೀನು ಕೊಳವೆ ಅಳವಡಿಸು" ಎಂದರು.

ನಾಲ್ಕು: ಎರಡೂ ನಾನೇ ಮಾಡಿದ್ದು

ಇದರಲ್ಲಿ ನನ್ನ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಹೊಳಲ್ಕೆರೆ ಪಕ್ಕದ ಊರೊಂದರಲ್ಲಿ ಒಬ್ಬ ಗಿರಾಕಿಗೆ ನೀರು ಗೋಡೆಯಿಂದ ಎಷ್ಟು ದೂರ ಬಿದ್ದರೆ ಅಷ್ಟು ಒಳ್ಳೆಯದು ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಅವನು ಮಾತನ್ನು ಮನಸ್ಸಿಗೆ ಹಚ್ಚಿಕೊಂಡ. ಹತ್ತು ಮೊಳದ ದೋಣಿ ಬೇಕೆಂದ. ಬೀದಿಯೇ ಎಂಟು ಮೊಳ, ಮೂರು ಮೊಳ ಮಾಳಿಗೆಯೊಳಗೆ ಹುದುಗಿದರೂ ತುದಿ ಎದುರುಮನೆಯ ಹತ್ತಿರ ಹೋಗುತ್ತದೆ. ಬೇಡವೆಂದೆ, ಕೇಳಲಿಲ್ಲ. ಮಾಡಿಕೊಟ್ಟೆ. ಮುಂದಿನ ಮಳೆಗೆ ಅವನ ಮಾಳಿಗೆಯ ನೀರು ಬೀದಿಯನ್ನು ಹಾರಿ ಎದುರುಮನೆಯ ಬುನಾದಿಗೆ ಬಿತ್ತು.

ಎದುರುಮನೆಯವನು ನನ್ನ ಅಂಗಡಿಗೆ ಬಂದ. ಬೈಯುತ್ತಾನೆಂದು ನಾನು ಕತ್ತರಿ ಕೆಳಗಿಟ್ಟು ಕೈಮುಗಿದು ನಿಂತೆ. ಅವನು ಬೈಯಲಿಲ್ಲ. "ನಂಗೂ ಹತ್ತು ಮೊಳದ್ದು ಒಂದು ಮಾಡ್ಕೊಡಪ್ಪ" ಎಂದ.

ಅದನ್ನೂ ಮಾಡಿಕೊಟ್ಟೆ. ಮಳೆ ಬಂದಾಗ ಇವನ ನೀರು ಅವನಿಗೆ, ಅವನ ನೀರು ಇವನಿಗೆ. ಇಬ್ಬರ ಗೋಡೆಯೂ ನೆನೆಯುತ್ತಿತ್ತು, ಇಬ್ಬರಿಗೂ ಸಮಾಧಾನ ಇತ್ತು. ಬೀದಿಯಲ್ಲಿ ಓಡಾಡುವವರಿಗೆ ಮಾತ್ರ ತಲೆ ಮೇಲೆ ಎರಡು ದೋಣಿ. ಒಂದು ದಿನ ರಾಗಿಹುಲ್ಲು ಒಟ್ಟಿದ ಗಾಡಿಯೊಂದು ಆ ದಾರಿಯಲ್ಲಿ ಬಂದು, ಎರಡೂ ದೋಣಿಗಳನ್ನು ಬುಡಸಹಿತ ಕಿತ್ತುಕೊಂಡು, ಗಾಡಿಯವನಿಗೆ ಗೊತ್ತೇ ಇಲ್ಲದ ಹಾಗೆ ಮುಂದೆ ಹೋಯಿತು. ಇಬ್ಬರೂ ಪಂಚೆ ಎತ್ತಿ ಕಟ್ಟಿ ಅದರ ಹಿಂದೆ ಓಡಿದರು. ಅವರಿಬ್ಬರೂ ಒಂದೇ ದಿಕ್ಕಿಗೆ ಹೋದದ್ದನ್ನು ಆ ಊರಿನವರು ಕಂಡದ್ದು ಅದೇ ಮೊದಲಂತೆ.

ಐದು: ನೂರು ಕೊಡ ಮಳೆ

ಶ್ರಾವಣ ಬಂದರೂ ಮಾಡದಕೆರೆಗೆ ಮಳೆ ಬರಲಿಲ್ಲ. ಮೋಡ ಊರಿನ ಮೇಲೆ ಬಂದು, ಇಣುಕಿ, ಮುಂದಕ್ಕೆ ಹೋಗುತ್ತಿತ್ತು. ಎತ್ತುಗಳು ನಡುಮನೆಯ ದಾರಿಗೆ ಎಷ್ಟು ಒಗ್ಗಿದ್ದವೆಂದರೆ ಒಲೆಯ ಮುಂದೆ ನಿಂತು ರೊಟ್ಟಿ ಬೇಯುವವರೆಗೆ ಕಾಯುತ್ತಿದ್ದವು. ಅತ್ತೆ ಸೋತುಹೋಗಿದ್ದರು. ನಾನು ಹೋದಾಗ, "ಗೋಡೆ ನೋಡಿದ್ರೆ ಎದೆ ಧಸಕ್ ಅಂತತೆ ಅಳಿಯಂದ್ರೆ. ನಿಮ್ಮ ಮಾವ ತಾವೇ ಮಣ್ಣು ತುಳಿದು ಕಟ್ಟಿದ್ದು" ಎಂದರು. ನಾಲ್ಕು ತಾಲೂಕಿಗೆ ದೋಣಿ ಹಾಕಿದವನು ಅತ್ತೆಯ ಒಂದು ಗೋಡೆ ಉಳಿಸಲಾರದೆ ಕೂತಿದ್ದೆ.

ಹಿರಿಯರು ಮೂರನೆಯ ಸಲ ಸೇರಿದರು. ಅವರಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರು ಬಹಳ ಹೊತ್ತು ಯೋಚಿಸಿ, "ಮಳೆ ಬರದಿದ್ರೆ ಏನಾತು, ನೀರು ನೀರೇ ಅಲ್ವಾ? ಮಾಳಿಗೆ ಮೇಲೆ ಹುಯ್ರಿ, ಎಲ್ಲಿಗೆ ಬೀಳ್ತತೆ ನೋಡಾಣ" ಎಂದರು. ಐವತ್ತು ಕೊಡ ಅತ್ತೆಯ ಕಡೆಯವರದು, ಐವತ್ತು ಕೊಡ ದೊಡ್ಡಪ್ಪನ ಕಡೆಯವರದು. ಕುಡಿಯುವ ನೀರಿಗೆ ಸಾಲು ನಿಲ್ಲುತ್ತಿದ್ದ ಊರು, ಬಾವಿಯ ತಳ ಬಳಿದು, ಕೊಡ ಕೊಡವಾಗಿ ಹೊತ್ತು ಏಣಿಯ ಮೇಲೆ ಸಾಗಿಸಿತು. ಯಾರಿಗೂ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ನನಗೂ ಕಾಣಲಿಲ್ಲ ಎನ್ನುವುದೇ ಈಗ ಆಶ್ಚರ್ಯ.

ಹುಯ್ಯುವ ಕೆಲಸವನ್ನು ಇಬ್ಬರೂ ಬೇರೆಯವರಿಗೆ ಬಿಡಲಿಲ್ಲ. ಅತ್ತೆ ಸೀರೆ ಎತ್ತಿ ಕಚ್ಚೆ ಹಾಕಿ ಮಾಳಿಗೆ ಹತ್ತಿದರು. ತುಂಬಿದ ಕೊಡದ ನೀರನ್ನು ಹೆಗಲ ಮೇಲಿಂದ ಬೀಸಿ ದೋಣಿಗೆ ಹುಯ್ದರೆ ಅದು ಓಣಿ ದಾಟಿ ದೊಡ್ಡಪ್ಪನ ಬೇಲಿಗೆ ರಾಚುತ್ತಿತ್ತು.

"ಇದ್ಯಾವ ಮಳೆನಮ್ಮ?" ಎಂದು ಕೆಳಗಿನಿಂದ ಹಿರಿಯರು ಕೇಳಿದರು.

"ಬಿರುಮಳೆ ಯಜಮಾನ್ರೆ. ಮುಂದಲ ವರ್ಷ ಹಿಂಗೇ ಬರ್ತತೆ" ಎಂದರು ಅತ್ತೆ.

ದೊಡ್ಡಪ್ಪನ ಸರದಿ. ಅವರು ಕೊಡದಿಂದ ಚೊಂಬಿಗೆ ಬಗ್ಗಿಸಿಕೊಂಡು, ಕೂಸಿಗೆ ಎರೆಯುವ ಹಾಗೆ ಮೆಲ್ಲಗೆ ಹುಯ್ದರು. ನಾನು ಕೆಳಗೆ ನಿಂತು ನೋಡುತ್ತಿದ್ದವನು ಬೆವತುಹೋದೆ. ದೋಣಿಯ ತುದಿಯ ತಗಡನ್ನು ಒಂದು ಬೆರಳಿನಷ್ಟು ಕೆಳಕ್ಕೆ ಮಡಚಬೇಕು, ಆಗ ನೀರು ಅಲ್ಲಿಂದಲೇ ನೆಲಕ್ಕೆ ಬೀಳುತ್ತದೆ. ಅವಸರದಲ್ಲಿ ನಾನು ಮಡಚಿರಲಿಲ್ಲ. ಜೋರು ನೀರು ಹಾರಿಹೋಗುತ್ತಿತ್ತು. ಮೆಲ್ಲಗೆ ಬಂದ ನೀರು ಮಾತ್ರ ತಗಡಿನ ತಳ ಹಿಡಿದು ಹಿಂದಕ್ಕೆ ಹರಿದು, ನೇರ ಗೋಡೆಯ ಮೈಮೇಲೆ ಇಳಿಯುತ್ತಿತ್ತು. ದೊಡ್ಡಪ್ಪನ ಒಂದೊಂದು ಚೊಂಬೂ ಆ ಉಬ್ಬಿದ ಗೋಡೆಯೊಳಗೆ ಇಂಗುತ್ತಿತ್ತು. ನಿಲ್ಲಿಸಿ ಎಂದು ಕೂಗಿದೆ. "ಅಳಿಯ ಅತ್ತೆ ಕಡೆ ಮಾತಾಡ್ತಾನೆ" ಎಂದು ನನ್ನ ಬಾಯಿ ಮುಚ್ಚಿಸಿದರು.

ದೊಡ್ಡಪ್ಪನ ಮೂವತ್ತನೆಯ ಕೊಡಕ್ಕೋ ಏನೋ, ಗೋಡೆಯಿಂದ ಒಂದು ಹಿಡಿ ಮಣ್ಣು ಉದುರಿತು. ಓಣಿಯಲ್ಲಿದ್ದವರೆಲ್ಲ ಹಿಂದಕ್ಕೆ ಸರಿದೆವು. ದೊಡ್ಡಪ್ಪ ಏಣಿ ಇಳಿದು ಓಡಿಬಂದರು. ಗೋಡೆ ಗಡಿಬಿಡಿ ಮಾಡದೆ, ಮಧ್ಯಾಹ್ನ ಉಂಡವರು ಮಲಗುವ ಹಾಗೆ, ಉದ್ದಕ್ಕೆ ಮಲಗಿಕೊಂಡಿತು. ಓಣಿಯನ್ನು ದಾಟಿ, ಬೇಲಿಯನ್ನು ಮುಚ್ಚಿ, ದೊಡ್ಡಪ್ಪನ ಹಿತ್ತಲಿನ ಹುಲ್ಲಿನ ಬಣವೆಯವರೆಗೆ ಹೋಗಿ ನಿಂತಿತು. ಮಾಳಿಗೆ ಇದ್ದದ್ದು ಕಂಬ ತೊಲೆಗಳ ಮೇಲೆ, ಅದಕ್ಕೇನೂ ಆಗಲಿಲ್ಲ. ದೊಡ್ಡಪ್ಪ ಮೋಸ ಮಾಡದ ಹಾಗೆ ಕಾಯಲು ಮೇಲೆಯೇ ಉಳಿದಿದ್ದ ಅತ್ತೆ ಖಾಲಿ ಕೊಡ ಹಿಡಿದು ನಿಂತಿದ್ದರು. ಕೆಳಗೆ ಒಲೆ, ರೊಟ್ಟಿ ತಟ್ಟೆ, ನೆಲುವು ಎಲ್ಲ ಊರಿಗೇ ಕಾಣುತ್ತಿತ್ತು. ಎತ್ತುಗಳು ನಡುಮನೆಯಿಂದ ಕತ್ತು ಚಾಚಿ ನೋಡಿ, ಮಣ್ಣಿನ ಮೇಲೆ ಕಾಲಿಟ್ಟು, ಯಾರನ್ನೂ ಕೇಳದೆ ಹಿತ್ತಲಿಗೆ ಹೋದವು.

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅತ್ತೆ ಅಳುತ್ತಾರೆ ಎಂದುಕೊಂಡೆವು. ಅವರು ಏಣಿ ಇಳಿದು ಬಂದು ಗೋಡೆಯ ಮಣ್ಣನ್ನು ಒಂದು ಸಲ ಮುಟ್ಟಿದರು. ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ. ಆಮೇಲೆ ಮಣ್ಣಿನ ಮೇಲೆಯೇ ನಡೆದು, ಅದು ಮುಗಿಯುವ ತುದಿಗೆ, ಬಣವೆಯ ಪಕ್ಕಕ್ಕೆ ಹೋಗಿ ನಿಂತು ಕಾಲೂರಿದರು.

"ನಮ್ಮ ನೀರು ಹೋದಲ್ಲಿತಂಕ ನಮ್ದು ಅಂದಿದ್ರಿ. ನೀರೂ ಇಲ್ಲಿಗೆ ಬಂತು, ಜೊತೆಗೆ ಗೋಡೆನೂ ಬಂತು. ಬೇಲಿ ಇಲ್ಲಿಗೆ ಹಾಕ್ರಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಕೊಟ್ಟಿದ್ದ ಮಾತಿಗೆ ಇದು ಸರಿಯಾಗಿಯೇ ಹೊಂದುತ್ತಿತ್ತು. ದೊಡ್ಡಪ್ಪನ ಮುಖದ ಬಣ್ಣ ಇಳಿಯಿತು.

"ಏ ತಾಯಿ, ನಾಕು ಮೊಳ ಬಿಡ್ತೀನಿ. ಜೋಡಿ ಎತ್ತು ಅಡ್ಡಾಡ್ಲಿ. ಗೋಡೆನೂ ನಾನೇ ಕಟ್ಟಿಸ್ಕೊಡ್ತೀನಿ. ಮೊದ್ಲು ಆ ಬಣವೆತಾವಿಂದ ಈಚೆಗೆ ಬಾರಮ್ಮ."

"ಒಪ್ಪಿಗೆ ಏನಮ್ಮ?" ಎಂದು ಹಿರಿಯರು ಕೇಳಿದರು.

"ಅಳಿಯಂದ್ರನ್ನ ಒಂದು ಮಾತು ಕೇಳ್ತೀನಿ" ಎಂದು ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. ಕೆಟ್ಟ ದೋಣಿ ಹಾಕಿದ್ದಕ್ಕೆ ನನಗೆ ಇವತ್ತು ಇದೆ ಎಂದುಕೊಂಡು ಹೋದೆ. ಅವರು ಯಾರಿಗೂ ಕೇಳದ ಹಾಗೆ ಮೆಲ್ಲಗೆ ಹೇಳಿದರು:

"ಆ ಕಡೆ ಗೋಡೆಗೂ ಇಂಥದ್ದೇ ಒಂದು ದೋಣಿ ಹಾಕ್ಕೊಡ್ರಿ. ಅಲ್ಲಿ ಗೌಡ್ರ ಕಣ ಐತೆ."